ಹರಕೆ ಹುಲಿಯ ಹಳದಿ

ದಸರೆಗೆ ಇನ್ನೂ ಹದಿನೈದು ದಿನ ಇರುವಾಗಲೇ ನಮ್ಮ ಬೀದಿಯ ಕೊನೆಯಲ್ಲಿ ಒಣಹುಲ್ಲಿನ ಹೊಗೆ ಏಳುತ್ತಿತ್ತು. ತಮಟೆಯವರು ಚರ್ಮ ಕಾಯಿಸಿ, ಬೆರಳಿನಿಂದ ತಟ್ಟಿ, ಬಿಗಿ ನೋಡುತ್ತಿದ್ದರು. ಆ ಸದ್ದು ಕಿವಿಗೆ ಬಿದ್ದರೆ ನನ್ನ ತಮ್ಮ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ. "ಕೂತ್ಕೊಂಡು ಉಣ್ಣೋ, ತಮಟೆ ಎಲ್ಲೂ ಓಡೋಗಲ್ಲ" ಎಂದು ಅವ್ವ ಕೂಗುವಷ್ಟರಲ್ಲಿ ಅವನು ಹೊಸಿಲು ದಾಟಿರುತ್ತಿದ್ದ.

ಇದು ಐವತ್ತರ ದಶಕದ ಮಾತು. ನಾನು ಆಗ ದೊಡ್ಡಾಸ್ಪತ್ರೆಯಲ್ಲಿ ಮೊದಲು ದಾದಿಯರ ತರಬೇತಿಯಲ್ಲಿ, ಆಮೇಲೆ ಕೆಲಸದಲ್ಲಿದ್ದೆ. ಹಾಸ್ಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಗಂಟೆ, ಆರಕ್ಕೆ ಪ್ರಾರ್ಥನೆ, ಏಳಕ್ಕೆ ವಾರ್ಡು. ಹಾಸಿಗೆಯ ನಾಲ್ಕು ಮೂಲೆಯೂ ಒಂದೇ ಅಳತೆಗೆ ಮಡಚಿರಬೇಕು. ಇಲ್ಲದಿದ್ದರೆ ಬಿಚ್ಚಿ ಮತ್ತೆ ಹಾಸಬೇಕು. ನನಗೆ ಅದು ಕಷ್ಟವೆನಿಸಲಿಲ್ಲ. ನನ್ನಪ್ಪ ಗಿರಣಿ ಕೆಲಸದವರು. ಸೈರನ್ ಕೂಗುವ ಮೊದಲೇ ಅವರ ಚಪ್ಪಲಿ ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿತ್ತು. ಹೊತ್ತಿಗೆ ಸರಿಯಾಗಿ ಬದುಕುವುದನ್ನು ಮನೆಯಲ್ಲೇ ಕಲಿತಿದ್ದೆ. ಮುಂದಿನದನ್ನೂ ನಡೆದ ಕ್ರಮದಲ್ಲೇ ಬರೆಯುತ್ತೇನೆ.

ತಮ್ಮನಿಗೆ ನಾಲ್ಕು ವರ್ಷವಾಗಿದ್ದಾಗ ಟೈಫಾಯಿಡ್ ಜ್ವರ ಬಂದು, ಮೂರು ವಾರ ಬಿಡಲಿಲ್ಲ. ಒಂದು ಮಧ್ಯಾಹ್ನ ಅವನು ಅವ್ವನನ್ನೂ ಗುರುತು ಹಿಡಿಯಲಿಲ್ಲವಂತೆ. ಅದೇ ಹೊತ್ತಿಗೆ ಬೀದಿಯಲ್ಲಿ ಹುಲಿವೇಷದವರು ಬಂದರು. ತಮಟೆಯ ಸದ್ದಿಗೆ ಮಗು ಕಣ್ಣು ತೆರೆದು ಬಾಗಿಲ ಕಡೆ ಹೊರಳಿತು. ಅವ್ವ ಅಲ್ಲೇ ಚಾಮುಂಡಿ ಬೆಟ್ಟದ ಕಡೆ ತಿರುಗಿ ಕೈಮುಗಿದು, "ಇವ್ನು ಉಳುದ್ರೆ, ಮೀಸೆ ಮೂಡಿದ ವರ್ಷದಿಂದ ಐದು ದಸರಾ ಹುಲಿ ಕಟ್ಟಿಸ್ತೀನಿ ತಾಯಿ" ಎಂದು ಹರಕೆ ಹೊತ್ತಳು. ಮಗು ಉಳಿಯಿತು.

ಹರಕೆ ಹುಲಿಗೂ ಬರೀ ವೇಷದ ಹುಲಿಗೂ ವ್ಯತ್ಯಾಸವಿತ್ತು. ಹರಕೆ ಹುಲಿ ಯಾರಿಂದಲೂ ಕಾಸು ಮುಟ್ಟಬಾರದು. ದುರ್ಗಾಷ್ಟಮಿಯ ಬೆಳಿಗ್ಗೆ ಬಣ್ಣ ಹಚ್ಚಿಸಿಕೊಂಡರೆ ವಿಜಯದಶಮಿಯ ಸಂಜೆ ಬನ್ನಿಮರಕ್ಕೆ ಸುತ್ತು ಬರುವ ತನಕ ಅದು ಮೈಮೇಲಿರಬೇಕು. ನಡುವೆ ಬಣ್ಣ ಹೋದರೆ ಆ ವರ್ಷ ಲೆಕ್ಕಕ್ಕಿಲ್ಲ. ಮೂರು ದಿನವೂ ಮಲಗುವಂತಿಲ್ಲ. ಬೆನ್ನ ಬಣ್ಣ ಚಾಪೆಗೆ ಹತ್ತುತ್ತದೆ. ಬೆಂಚಿನ ಮೇಲೆ ಕೂತು, ಎರಡು ದೊಣ್ಣೆ ನೆಟ್ಟು, ಅದಕ್ಕೆ ಕೈಯೂರಿ ತೂಕಡಿಸಬೇಕು. ಒಂದು ಹೊತ್ತು ಊಟ, ಮಿಕ್ಕಂತೆ ಬಾಳೆಹಣ್ಣು, ಮಜ್ಜಿಗೆ.

ಕೆಲವು ತಂಡದವರು ಎಣ್ಣೆ ಬಣ್ಣ ಬಳಿಸಿಕೊಂಡು ಆಮೇಲೆ ಸೀಮೆಎಣ್ಣೆಯಲ್ಲಿ ಬಿಡಿಸಿಕೊಳ್ಳುತ್ತಿದ್ದರು. ಅವ್ವನಿಗೆ ಅದು ಸರಿಬೀಳಲಿಲ್ಲ. ನಮ್ಮಲ್ಲಿ ಹಳದಿ ಪುಡಿಯನ್ನು ಗೋಂದಿನ ನೀರಿಗೆ ಕಲಸಿ ಹಚ್ಚುತ್ತಿದ್ದೆವು. ಬಿಸಿನೀರು, ಅಂಟುವಾಳದ ನೊರೆ ಬಿದ್ದರೆ ಇಳಿದುಹೋಗುತ್ತಿತ್ತು. ಮೊದಲ ವರ್ಷ ಪಟ್ಟೆ ಎಳೆಯಲು ಕರೆಸಿದ್ದವರ ಕೈ ನಡುಗುತ್ತಿತ್ತು. ಪಟ್ಟೆ ಸೊಟ್ಟಗಾದದ್ದನ್ನು ನೋಡಲಾರದೆ ಬ್ರಷ್ ಕಿತ್ತುಕೊಂಡೆ. ದಿನವೂ ರಂಗೋಲಿ ಎಳೆದ ಕೈ, ಗೆರೆ ತಪ್ಪಲಿಲ್ಲ. ಆಮೇಲೆ ಪ್ರತಿ ವರ್ಷ ಅವನ ಮೈಮೇಲಿನ ಪಟ್ಟೆ ನನ್ನದೇ.

ಆ ಬೆಳಗಿನ ಸಂತೋಷವನ್ನು ನಾನು ಸುಳ್ಳೆನ್ನಲಾರೆ. ಹಿತ್ತಿಲಲ್ಲಿ ತಮ್ಮ ಕಾಲು ಅಗಲಿಸಿ ನಿಂತಿರುವನು. ಭುಜದಿಂದ ಸೊಂಟಕ್ಕೆ ಕರಿ ಗೆರೆ ಇಳಿಸುವಾಗ ಅವನಿಗೆ ಕಚಗುಳಿ.

"ಅಲುಗಾಡ್ಬೇಡ್ವೋ."

"ಹುಲಿ ಅಲುಗಾಡುತ್ತೆ ಕಣಕ್ಕ. ನೀನು ಬರೀತಿರೋದು ಗೋಡೆ ಮೇಲಿನ ಹುಲಿ ಅಲ್ಲ."

"ಗೋಡೆನೇ ವಾಸಿ. ಬಾಯಿರಲ್ಲ."

ಬಣ್ಣ ಒಣಗಿ, ಹತ್ತಿ ತುಂಬಿದ ಬಾಲ ಕಟ್ಟಿ, ಕಿವಿಯಿದ್ದ ಟೋಪಿ ಇಟ್ಟು, ಬಾಯಿಗೆ ನಿಂಬೆಹಣ್ಣು ಕಚ್ಚಿಸಿದರೆ ಅವನು ನಮ್ಮ ಹುಡುಗ ಅಲ್ಲವೇ ಅಲ್ಲ. ಮೊದಲ ತಮಟೆ ಏಟಿಗೆ ಬೀದಿಯ ಮಕ್ಕಳೆಲ್ಲ ಕಿರುಚಿಕೊಂಡು ಜಗಲಿ ಹತ್ತುತ್ತಿದ್ದರು. ಹಳ್ಳಿಗಳಿಂದ ಜಂಬೂಸವಾರಿ ನೋಡಲು ಬಂದು ನಮ್ಮ ಪಡಸಾಲೆಯಲ್ಲಿ ಬುತ್ತಿ ಬಿಚ್ಚಿದ್ದ ನೆಂಟರು, ಊಟ ಬಿಟ್ಟು ಹೊರಗೆ ಬಂದು, "ಇದು ನಮ್ ಮಗ ಕಣ್ರೀ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ನಾನು ಪಟ್ಟೆ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಅದೇ ಹಬ್ಬದ ಇನ್ನೊಂದು ಮುಖವಿತ್ತು. ಜನರ ಕಾಲಿಗೆ ಸಿಕ್ಕಿ ಬೆರಳು ಜಜ್ಜಿಸಿಕೊಂಡವರು, ಸವಾರಿ ನೋಡಲು ಮರ ಹತ್ತಿ ಬಿದ್ದವರು, ಬೀದಿ ಬದಿಯ ತಿಂಡಿ ತಿಂದು ವಾಂತಿಭೇದಿಯಾದವರು. ಹಾಸಿಗೆ ಸಾಲದೆ ವರಾಂಡದಲ್ಲಿ ಚಾಪೆ ಹಾಸುತ್ತಿದ್ದೆವು. ಹತ್ತು ದಿನ ಯಾರಿಗೂ ರಜೆಯಿಲ್ಲ. ನಮ್ಮ ವಾರ್ಡಿನ ಹಿರಿಯ ಸಿಸ್ಟರು ಪ್ರತಿ ವರ್ಷವೂ ದೊಡ್ಡ ಮನಸ್ಸು ಮಾಡಿ, ಅಷ್ಟಮಿಯ ಬೆಳಿಗ್ಗೆ ಮಾತ್ರ ನನ್ನನ್ನು ಮನೆಗೆ ಬಿಡುತ್ತಿದ್ದರು.

ಐದನೆಯ ವರ್ಷ, ಅಂದರೆ ಹರಕೆಯ ಕೊನೆಯ ವರ್ಷ, ನವಮಿಯ ಮಧ್ಯಾಹ್ನ ಮಳೆ ಹೊಯ್ಯಿತು. ಎಲ್ಲೂ ನಿಲ್ಲಲು ಸೂರಿಲ್ಲದ ಜಾಗದಲ್ಲಿ ಸಿಕ್ಕಿಕೊಂಡ ತಮ್ಮ, ಮನೆಗೆ ಬರುವಷ್ಟರಲ್ಲಿ ಹಳದಿಯೆಲ್ಲ ಮೊಣಕಾಲಿಗೆ ಇಳಿದಿತ್ತು. "ಹುಲಿ ಅಲ್ಲ ಕಣ್ರೋ, ನೆಂದ ಬೆಕ್ಕು!" ಎಂದು ಹುಡುಗರು ಹಿಂದೆ ಬಂದರು. ಅವನು ನಗುತ್ತಾ "ಮಿಯಾಂವ್" ಅಂದನಂತೆ. ಅವ್ವ ನಗಲಿಲ್ಲ. "ಈ ವರ್ಷದ್ದು ಅಮ್ಮನಿಗೆ ಮುಟ್ಟಲಿಲ್ಲ. ಬರೋ ವರ್ಷ ಮತ್ತೆ ಕಟ್ಬೇಕು" ಎಂದಳು.

ಹೀಗೆ ಆರನೆಯ ವರ್ಷ ಬಂತು. ಆ ವರ್ಷವೇ ಕೆಲಸದ ಕಾಗದವೂ ಬಂತು.

ಊರಾಚೆ ಹೊಸದಾಗಿ ಎದ್ದ ಒಂದು ಕಾರ್ಖಾನೆಗೆ ಕೈಕೆಲಸ ಬಲ್ಲ ಹುಡುಗರನ್ನು ತೆಗೆದುಕೊಳ್ಳುತ್ತಿದ್ದರು. ಲೇತ್ ಯಂತ್ರದ ಕೆಲಸ ಕಲಿತಿದ್ದ ತಮ್ಮ ಪರೀಕ್ಷೆಯಲ್ಲಿ ಮೇಲೆ ಬಂದಿದ್ದ. ಉಳಿದದ್ದು ವೈದ್ಯಕೀಯ ತಪಾಸಣೆ ಒಂದೇ. ಅದು ವಿಜಯದಶಮಿಯಾದ ಮೂರನೆಯ ಬೆಳಿಗ್ಗೆ, ಎಂಟು ಗಂಟೆಗೆ. ಅಪ್ಪ ಆ ಕಾಗದವನ್ನು ಗಿರಣಿಗೆ ಒಯ್ದು ಎಲ್ಲರಿಗೂ ತೋರಿಸಿ ತಂದರು. ಬರುವಾಗ ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರ್ ಒಂದನ್ನು ಕೊಂಡು ತಂದರು. ಮಗ ಕಾಯಂ ಕೆಲಸದವನಾಗುತ್ತಾನೆ, ಬುತ್ತಿಗೆ ಬಟ್ಟೆಗಂಟು ಕಟ್ಟಿಕೊಂಡು ಹೋಗಬಾರದು ಎಂದು.

ಆ ಸಂಜೆಯೇ ಮನೆಯಲ್ಲಿ ಮಾತು ಬಿಸಿಯಾಯಿತು.

"ಈ ಸಲ ಹುಲಿ ಬೇಡ. ದೇವರಿಗೆ ತಪ್ಪೊಪ್ಪಿಕೊಂಡರಾಯ್ತು" ಎಂದರು ಅಪ್ಪ.

"ಉಳ್ಸಿ ಕೊಟ್ಟೋಳು ಅವಳು. ಕೆಲಸ ಕೊಡೋರು ಉಳ್ಸಿದ್ರಾ?" ಎಂದಳು ಅವ್ವ.

"ನೀನೇನೋ ಅಂತೀಯ?" ಎಂದು ಅಪ್ಪ ತಮ್ಮನನ್ನು ಕೇಳಿದರು. ಅವನು ಟಿಫಿನ್ ಕ್ಯಾರಿಯರಿನ ಕೊಂಡಿ ಹಾಕಿ ತೆಗೆದು ಮಾಡುತ್ತಾ, "ಎರಡೂ ಆಗುತ್ತಪ್ಪ. ಅಕ್ಕ ಹೇಳ್ಲಿ" ಎಂದ.

ನಾನು ಹೇಳಿದೆ. ಕಾಗದ ತೆಗೆದುಕೊಂಡು ಹೊತ್ತು ಹಾಕಿ ಬರೆದೆ. ಅಷ್ಟಮಿ ಬೆಳಿಗ್ಗೆ ಬಣ್ಣ. ವಿಜಯದಶಮಿ ಸಂಜೆ ಬನ್ನಿಮರ, ಸ್ನಾನ. ಮರುದಿನ ಉಳಿದ ಬಣ್ಣ ಬಿಡಿಸುವುದು. ಅದರ ಮರುದಿನ ಎಣ್ಣೆಸ್ನಾನ, ನಿದ್ದೆ. ಮೂರನೆಯ ಬೆಳಿಗ್ಗೆ ತಪಾಸಣೆ. ಅಪ್ಪ ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡರು. ನನ್ನ ಬರವಣಿಗೆಯ ಮೇಲೆ ಅವರಿಗೆ ಅಷ್ಟು ನಂಬಿಕೆ.

ಒಂದೇ ಒಂದು ಭಯವಿತ್ತು, ಮಳೆ. ಈ ವರ್ಷವೂ ಬಣ್ಣ ಹೋದರೆ ಅವ್ವ ಏಳನೆಯ ವರ್ಷ ಕೇಳುತ್ತಾಳೆ. ಹೊಸ ಕೆಲಸದವನಿಗೆ ಮೂರು ದಿನ ರಜೆ ಯಾರು ಕೊಡುತ್ತಾರೆ? ಈ ವರ್ಷವೇ ಮುಗಿಯಬೇಕು ಎಂದು ನಾನು ನಿರ್ಧರಿಸಿದೆ. ಎರಡು ಮನೆಯಾಚೆ ಅಂಗಡಿಗಳಿಗೆ ಬೋರ್ಡು ಬರೆಯುವವರೊಬ್ಬರಿದ್ದರು. ಅವರ ಹತ್ತಿರ ಹೋಗಿ ವಾರ್ನಿಷ್ ಕೇಳಿದೆ.

"ಯಾತಕ್ಕವ್ವಾ?"

"ಟೋಪಿಗೆ, ಬಾಲಕ್ಕೆ. ಹೋದ ವರ್ಷ ಮಳೆಗೆ ಹಾಳಾಯ್ತು."

"ಹಾಗಾದ್ರೆ ಇದು ತಗೊ. ಆ ಬಟ್ಟೆ ಅಂಗಡಿ ಬೋರ್ಡು ನೋಡಿದೀಯಲ್ಲ, ಮೂರು ಮಳೆಗಾಲ ಆಯ್ತು, ಒಂದಕ್ಷರ ಮಾಸಿಲ್ಲ" ಎಂದು ಅರ್ಧ ಡಬ್ಬ ಕೊಟ್ಟರು.

ಅಷ್ಟಮಿಯ ಹಿಂದಿನ ವಾರ ಊಟದ ಬಿಡುವಿನಲ್ಲಿ ಮನೆಗೆ ಬಂದು, ಹಳದಿ ಪುಡಿಗೆ ವಾರ್ನಿಷ್ ಬೆರೆಸಿ ನನ್ನ ಮುಂಗೈಗೆ ಒಂದು ಬೊಟ್ಟು ಹಚ್ಚಿದೆ. ಒಣಗಿದ ಮೇಲೆ ಒಂದು ಚೊಂಬು ನೀರು ಸುರಿದೆ. ಅಲುಗಲಿಲ್ಲ. ಸಮಾಧಾನವಾಯಿತು. ಚಾಕುವಿನ ಬೆನ್ನಿನಿಂದ ಅದನ್ನು ಕೆರೆದು ತೆಗೆದು, ಡ್ಯೂಟಿಗೆ ಹೊರಟೆ. ನೀರಿಗೆ ಹೋಗುವುದಿಲ್ಲ ಎಂಬುದನ್ನು ಪರೀಕ್ಷಿಸಿದ್ದೆ. ಬೇಕೆಂದಾಗ ಹೋಗುತ್ತದೆಯೇ ಎಂಬುದನ್ನು ಪರೀಕ್ಷಿಸಲಿಲ್ಲ. ಸೀಮೆಎಣ್ಣೆಗೆ ಹೋಗೇ ಹೋಗುತ್ತದೆ ಎಂದುಕೊಂಡೆ. ಅವ್ವ ಬೇಡವೆಂದಾಳು ಎಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅಷ್ಟಮಿಯ ಬೆಳಿಗ್ಗೆ ಮೊದಲ ಬ್ರಷ್ ಬೆನ್ನಿಗೆ ಬಿದ್ದಾಗ ತಮ್ಮ ತಲೆ ಹೊರಳಿಸಿದ.

"ಅಕ್ಕ, ವಾಸನೆ ಬೇರೆ ಥರ ಇದೆಯಲ್ಲ."

"ಹೊಸ ಪುಡಿ ಕಣೋ. ನೆಟ್ಟಗೆ ನಿಂತ್ಕೊ."

ಅವನು ನೆಟ್ಟಗೆ ನಿಂತ. ಆ ವರ್ಷದ ಹಳದಿಗೆ ಎಂದೂ ಇಲ್ಲದ ಹೊಳಪಿತ್ತು. ಅದರ ಮೇಲೆ ಕರಿ ಪಟ್ಟೆ ಎದ್ದು ಕಾಣುತ್ತಿತ್ತು. "ದಸರಾ ವಸ್ತುಪ್ರದರ್ಶನದಲ್ಲಿ ಇಡ್ಬೋದು ಕಣಮ್ಮ ನಿನ್ ತಮ್ಮನ್ನ" ಎಂದು ತಮಟೆಯ ಯಜಮಾನರೇ ಹೇಳಿದರು.

ವಿಜಯದಶಮಿಯ ದಿನ ಸವಾರಿ ಹೊರಡುವ ಮೊದಲು ಮಳೆ ಬಂದೇ ಬಂತು. ವಾರ್ಡಿನ ಕಿಟಕಿಯಿಂದ ನೋಡಿ ನಾನು ನಕ್ಕದ್ದು ನೆನಪಿದೆ. ಬೀದಿಯಲ್ಲಿ ಉಳಿದ ಹುಲಿಗಳೆಲ್ಲ ಸೂರಿನಡಿ ಓಡಿದರೆ, ನಮ್ಮ ಹುಲಿ ನಡುಬೀದಿಯಲ್ಲಿ ಕುಣಿಯಿತಂತೆ. ಜನ ನೆನೆದುಕೊಂಡೇ ಸುತ್ತ ನಿಂತರಂತೆ. ಅಪ್ಪ, ಹುಲಿಯ ಹತ್ತಿರ ಎಂದೂ ಸುಳಿಯದ ಅಪ್ಪ, ಅವತ್ತು ಛತ್ರಿ ಮಡಚಿಟ್ಟು ಕೊನೆಯ ತನಕ ಜೊತೆಗೆ ನಡೆದರಂತೆ. ಅಂಥ ದಿನ ತಮ್ಮನ ಬದುಕಿನಲ್ಲಿ ಮತ್ತೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಡ್ಯೂಟಿ ಬದಲಾಯಿಸಿಕೊಂಡು ಮನೆಗೆ ಬಂದೆ. ಅವ್ವ ಹಂಡೆಯ ನೀರನ್ನೆಲ್ಲ ಖಾಲಿ ಮಾಡಿದ್ದಳು. ಅಂಟುವಾಳ, ಸೀಗೆ, ಕಡಲೆಹಿಟ್ಟು, ಯಾವುದಕ್ಕೂ ಬಣ್ಣ ಜಗ್ಗಿರಲಿಲ್ಲ. ತಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದ. ಬೆಳಕಿಗೆ ಮೈ ಹೊಳೆಯುತ್ತಿತ್ತು. ಕಂಕುಳಲ್ಲಿ, ಕತ್ತಿನ ಮಡಿಕೆಯಲ್ಲಿ ಚರ್ಮ ಕೆಂಪಾಗಿ ಊದಿತ್ತು.

"ತಾಯಿ ಬಿಡಲ್ಲ ಅಂತಾಳೆ ಕಣಕ್ಕ. ಹುಲಿಯಾಗೇ ಇರು ಅಂತಾಳೆ" ಎಂದು ನಕ್ಕ.

ಸೀಮೆಎಣ್ಣೆ ತರಿಸಿದೆ. ಬಟ್ಟೆಗೆ ಅದ್ದಿ ಒರೆಸಿದೆ. ವಾರ್ನಿಷ್ ಕಡಿಮೆ ಬೆರೆಸಿದ್ದ ಕರಿ ಪಟ್ಟೆ ಹೋಯಿತು, ಹಳದಿ ಕದಲಲಿಲ್ಲ. ತೆಂಗಿನ ನಾರು ತೆಗೆದುಕೊಂಡೆ. ಆಮೇಲೆ ಹಿಮ್ಮಡಿ ಉಜ್ಜುವ ಕಲ್ಲು. ಎದೆ, ತೋಳು, ಬೆನ್ನು ಎಂದು ಭಾಗ ಮಾಡಿಕೊಂಡು, ವಾರ್ಡಿನಲ್ಲಿ ನೆಲ ಉಜ್ಜಿಸುವ ಹಾಗೆ, ಒಂದು ಮುಗಿದ ಮೇಲೆ ಇನ್ನೊಂದು. ಅವನು ಕಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಒಮ್ಮೆ ಮಾತ್ರ, "ಸ್ವಲ್ಪ ತಡಿ ಅಕ್ಕ" ಎಂದ. ನಾನು ತಡೆಯಲಿಲ್ಲ. ಹೊತ್ತು ಮೀರುತ್ತಿತ್ತು. ಹಳದಿಯ ಜೊತೆ ಚರ್ಮವೂ ಕಿತ್ತು ಬಂತು.

ಎರಡು ಮನೆಯಾಚೆ ಬೋರ್ಡಿನವರಿದ್ದರು. ವಾರ್ನಿಷ್ ಮೈಗೆ ಬಿದ್ದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲೇಬೇಕು. ದಿನವೂ ಅದರಲ್ಲಿ ಕೈಯಾಡಿಸುವವರು. ನಡೆದು ಹೋಗಿ ಕೇಳಲು ಎರಡು ನಿಮಿಷ ಸಾಕು. ಹೋದರೆ ಬಾಲಕ್ಕೆಂದು ತಂದದ್ದನ್ನು ಮೈಗೆ ಹಚ್ಚಿದೆ ಎಂದು ಹೇಳಬೇಕಿತ್ತು. ಅದು ಅವ್ವನ ಕಿವಿಗೆ, ಅಪ್ಪನ ಕಿವಿಗೆ ಬೀಳುತ್ತಿತ್ತು. ನಾನು ಹೋಗಲಿಲ್ಲ. ವೇಳಾಪಟ್ಟಿಯ ತಪ್ಪು, ವಾರ್ನಿಷಿನ ತಪ್ಪು, ಇವೆರಡನ್ನೂ ನಾನು ಎಂದೋ ಕ್ಷಮಿಸಿಕೊಂಡಿದ್ದೇನೆ. ಇದೊಂದನ್ನು ಆಗಿಲ್ಲ.

ತಪಾಸಣೆಯ ಬೆಳಿಗ್ಗೆ, ಬಣ್ಣ ತೆಳ್ಳಗಿದ್ದ ಅವನ ಮುಖ, ಕೈ ಮಾಮೂಲಿನಂತಿತ್ತು. ಅಂಗಿ ತೊಟ್ಟರೆ ಏನೂ ಕಾಣುತ್ತಿರಲಿಲ್ಲ. ಅಂಗಿಯ ಒಳಗೆ ಬೆನ್ನು ರಸಿಗೆ ಸುರಿಸುತ್ತಿತ್ತು. ಕಿವಿಯ ಹಿಂದೆ, ಉಗುರ ಸಂದಿಯಲ್ಲಿ ಹಳದಿ ಹಾಗೇ ಇತ್ತು. ನಾನು ಮೆತ್ತನೆ ಬಟ್ಟೆಗೆ ಮುಲಾಮು ಸವರಿ ಬೆನ್ನಿಗೆ ಕಟ್ಟಿದೆ. ಅವ್ವ ಕುಂಕುಮ ಇಟ್ಟಳು. ಅಪ್ಪ ಅವತ್ತು ಗಿರಣಿಗೆ ಅರ್ಧ ದಿನ ರಜೆ ಹಾಕಿದ್ದರು. ನಾನು ಕಂಡಂತೆ ಅದು ಅವರ ಮೊದಲ ರಜೆ.

ಮಧ್ಯಾಹ್ನಕ್ಕೆ ಮೊದಲೇ ತಮ್ಮ ವಾಪಸು ಬಂದ. "ಆಗಲಿಲ್ಲ" ಎಂದ. ಅಷ್ಟೇ. ಅಪ್ಪ ಚಪ್ಪಲಿ ಮೆಟ್ಟಿ, ಉಳಿದ ಅರ್ಧ ದಿನದ ಕೆಲಸಕ್ಕೆ ಹೊರಟುಹೋದರು.

ಒಳಗೆ ನಡೆದದ್ದನ್ನು ನನಗೆ ಹೇಳಿದ್ದು ಅದೇ ಸಾಲಿನಲ್ಲಿ ನಿಂತಿದ್ದ ಹಿಂದಿನ ಬೀದಿಯ ಹುಡುಗ. ಕಾಲು ಕೊಯ್ದುಕೊಂಡು ಆಸ್ಪತ್ರೆಗೆ ಬಂದವನು, ನಾನು ಕಟ್ಟು ಕಟ್ಟುತ್ತಿರುವಾಗ, "ಯಾರಿಗೂ ಹೇಳಿಲ್ಲ ಕಣಕ್ಕ" ಎಂದು ಶುರು ಮಾಡಿದ. ಎಲ್ಲರನ್ನೂ ಚಡ್ಡಿಯಲ್ಲಿ ನಿಲ್ಲಿಸಿದ್ದರಂತೆ. ಡಾಕ್ಟರು ತಮ್ಮನ ಉಗುರು ನೋಡಿ, ಕಾಮಾಲೆಯಿರಬೇಕೆಂದು ಕಣ್ಣ ರೆಪ್ಪೆ ಎಳೆದು ನೋಡಿದರಂತೆ. ಆಮೇಲೆ ಬೆನ್ನ ಕಟ್ಟು ಬಿಚ್ಚಿಸಿದರಂತೆ.

"ಏನಯ್ಯಾ ಇದು?"

"ಹುಲಿವೇಷ ಕಟ್ಟಿದ್ದೆ ಸಾರ್. ಹರಕೆ."

ಮೇಜಿನ ಹತ್ತಿರ ಹೆಸರು ಬರೆದುಕೊಳ್ಳುತ್ತಿದ್ದವನು ತಲೆಯೆತ್ತಿ, "ಹುಲಿನಾ? ಎಲ್ಲಿ, ಒಂದ್ಸಲ ಘರ್ಜಿಸು ನೋಡಣ" ಎಂದನಂತೆ.

ತಮ್ಮ ಡಾಕ್ಟರ ಮುಖ ನೋಡಿದನಂತೆ. ಮಾಡಿ ತೋರಿಸಿದರೆ ನಂಬಿಯಾರು, ರೋಗವಲ್ಲವೆಂದು ತಿಳಿದೀತು ಎಂದುಕೊಂಡನೋ ಏನೋ. ಕಟ್ಟು ಬಿಚ್ಚಿದ ಬೆನ್ನು ಬಗ್ಗಿಸಿ, ಪಂಜಾ ಎತ್ತಿ, ಬೀದಿಯಲ್ಲಿ ಮಾಡುವ ಹಾಗೇ ಘರ್ಜಿಸಿದನಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. "ನಾನೂ ನಕ್ಕೆ ಕಣಕ್ಕ" ಎಂದ ಆ ಹುಡುಗ. ಡಾಕ್ಟರೂ ನಕ್ಕು, ಆಮೇಲೆ ಚರ್ಮದ ಕಾಯಿಲೆ, ಈಗ ಆಗುವುದಿಲ್ಲ, ವಾಸಿಯಾದ ಮೇಲೆ ಮುಂದಿನ ಸಲ ಬಾ ಎಂದು ಬರೆದು ಕಳಿಸಿದರಂತೆ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ. ಅಂಥ ಬೆನ್ನನ್ನು ಯಂತ್ರದ ಎಣ್ಣೆಯ ನಡುವೆ ನಿಲ್ಲಿಸಲಾಗದು. ಮುಂದಿನ ಸಲ ಎಂಬುದು ಬರಲಿಲ್ಲ.

ಗಾಯ ಮಾಯಲು ಎರಡು ತಿಂಗಳಾಯಿತು. ತಮ್ಮ ಸಂತೇಪೇಟೆಯ ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಲೇತು ಕಲಿತ ಕೈ. ಟಿಫಿನ್ ಕ್ಯಾರಿಯರ್ ಅಟ್ಟದ ಮೇಲೆ ಹೋಯಿತು. ಅವನು ಬುತ್ತಿಯನ್ನು ಬಟ್ಟೆಯಲ್ಲೇ ಕಟ್ಟಿಕೊಂಡು ಹೋಗುತ್ತಿದ್ದ. ಅವ್ವ, "ಹರಕೆ ತೀರ್ತು, ಅದು ಸಾಕು ಬುಡು" ಎನ್ನುತ್ತಿದ್ದಳು. ಅವಳ ಎದುರು ಬೇರೆ ಮಾತು ಯಾರೂ ಎತ್ತಲಿಲ್ಲ. ವಾರ್ನಿಷ್ ವಿಷಯ ನನ್ನಲ್ಲೇ ಉಳಿಯಿತು. ಇವತ್ತು ಹೇಳಿಬಿಡೋಣ ಎಂದುಕೊಂಡು ಎಷ್ಟೋ ಭಾನುವಾರ ಮನೆಗೆ ಬಂದು, ಅನ್ನ ಉಂಡು, ಹೇಳದೆ ಹಾಸ್ಟೆಲಿಗೆ ಮರಳಿದ್ದೇನೆ.

ಮರು ವರ್ಷದ ಅಷ್ಟಮಿಯ ಬೆಳಿಗ್ಗೆ, ಬಣ್ಣ ಹಚ್ಚುವ ಕೆಲಸವಿಲ್ಲದಿದ್ದರೂ, ಹಿರಿಯ ಸಿಸ್ಟರು ರೂಢಿಯಂತೆ ನನ್ನನ್ನು ಮನೆಗೆ ಬಿಟ್ಟರು. ಬೀದಿಯಲ್ಲಿ ತಮಟೆ ಕೇಳಿಸಿತು. ಹೊಸ ಹರಕೆ ಹುಲಿಯೊಂದು ಬರುತ್ತಿತ್ತು, ಮೀಸೆ ಮೂಡುತ್ತಿರುವ ಹುಡುಗ. ಹೊಸ ಹುಲಿ ಮೊದಲ ಕುಣಿತಕ್ಕೆ ಮುಂಚೆ ಹಳೆಯ ಹರಕೆ ಹುಲಿಯ ಮನೆ ಮುಂದೆ ನಿಲ್ಲಬೇಕು. ಹಳಬ ಅದರ ಬಾಯಿಗೆ ನಿಂಬೆಹಣ್ಣು ಕಚ್ಚಿಸಬೇಕು. ಮನೆಯ ಹೆಣ್ಣುಮಗಳು ಆರತಿ ಎತ್ತಬೇಕು. ಅದು ನಮ್ಮ ಬೀದಿಯ ಪದ್ಧತಿ. ನಾನು ಆರತಿ ತಟ್ಟೆ ಹಿಡಿದು ಹೊಸಿಲಲ್ಲಿ ನಿಂತೆ. ತಮ್ಮ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಮಂಡಿಗೆ ಹೊರಟಿದ್ದವನು, ಹೆಗಲ ಮೇಲಿನ ಗೋಣಿಚೀಲ ಕೆಳಗಿಟ್ಟು ಬಂದ.

ನಿಂಬೆಹಣ್ಣು ಕೈಯಲ್ಲಿತ್ತು. ಕಚ್ಚಿಸುವ ಮೊದಲು ಅವನು ಹುಡುಗನ ಟೋಪಿ ಸರಿಸಿ, ಕಿವಿಯ ಹಿಂದೆ ಹೆಬ್ಬೆರಳು ಉಜ್ಜಿ, ಮೂಗಿನ ಹತ್ತಿರ ಹಿಡಿದು ನೋಡಿದ.

"ವಾರ್ನಿಷ್ ಬೆರೆಸಿಲ್ಲ ತಾನೇ?"

"ಇಲ್ಲ ಕಣಣ್ಣ. ಬರೀ ಗೋಂದು."

"ಮಳೆ ಬಂದ್ರೆ ಬರ್ಲಿ. ಬೆರೆಸ್ಬೇಡ."

ಅವನು ನನ್ನ ಕಡೆ ತಿರುಗಲಿಲ್ಲ. ವಾಸನೆಯಿಂದ ಅವತ್ತೇ ತಿಳಿದಿತ್ತೋ, ಬೋರ್ಡಿನವರು ಆಮೇಲೆ ಹೇಳಿದರೋ, ನಾನು ಕೇಳಲಿಲ್ಲ. ಒಂದು ವರ್ಷ, ಭಾನುವಾರ ಭಾನುವಾರ, ನನ್ನ ಕೈಯಲ್ಲಿ ಅನ್ನ ಬಡಿಸಿಕೊಂಡು ಉಂಡಿದ್ದ. ಹುಲಿಯ ಬಾಯಿಗೆ ನಿಂಬೆಹಣ್ಣು ಕಚ್ಚಿಸಿ ಪಕ್ಕಕ್ಕೆ ಸರಿದು, ನನಗೆ ದಾರಿ ಬಿಟ್ಟ. ನಾನು ಆರತಿ ಎತ್ತಿದೆ. ತಮಟೆ ಶುರುವಾಯಿತು.

ತಮ್ಮ ಜಗಲಿಯ ಬಳಿ ಇದ್ದ ನೀರಿನ ತೊಟ್ಟಿಗೆ ಬಂದು, ಹೆಬ್ಬೆರಳಿಗೆ ಹತ್ತಿದ್ದ ಹಳದಿಯ ಮೇಲೆ ಒಂದು ಬೊಗಸೆ ನೀರು ಬಿಟ್ಟುಕೊಂಡ. ಒಂದೇ ಸಲಕ್ಕೆ ಹೋಯಿತು. ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಮಂಡಿಯ ಕಡೆ ನಡೆದ.